ಸರ್ಕಾರ ಅಂದ್ರೆ ಯಾರು, ಭವಿಷ್ಯ ಅಂದ್ರೆ ಎಲ್ಲಿ: ಕೊಡಗಿನ ಒಂದು ಪಂಚಾಯ್ತಿಯ ಸರ್ವೆ

ಮಡಿಕೇರಿ ತಾಲೂಕಿನ ಒಂದು ಗ್ರಾಮ ಪಂಚಾಯ್ತಿಲಿ 2025ರಲ್ಲಿ ನಡೆದ ಒಂದು ಸಣ್ಣ ಜನಾಭಿಪ್ರಾಯ ಸರ್ವೆ ಬಗ್ಗೆ ಬರೀತಾ ಇದೀನಿ. ಪಂಚಾಯ್ತಿ ಹೆಸರು ಹಾಕಲ್ಲ, ಸಣ್ಣ ಊರು, ಯಾವ ಮಾತು ಯಾರ ಬಾಯಿಂದ ಬಂತು ಅಂತ ಅಲ್ಲಿಯವರು ಓದಿದ ತಕ್ಷಣ ಹೇಳ್ಬಿಡ್ತಾರೆ. ಸರ್ವೆ ಮಾಡಿಸಿದ ಸಂಸ್ಥೆ ಹೆಸರೂ ಬೇಡ. ನನ್ನ ಕೆಲಸ ಫೀಲ್ಡ್ ಸೂಪರ್‌ವೈಸರ್‌ದು, ಅಂದ್ರೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳೋ ಹುಡುಗ ಹುಡುಗೀರ ಹಿಂದೆ ಹೋಗೋದು, ಫಾರಂ ಸರಿಯಾಗಿ ತುಂಬಿದಾರಾ ನೋಡೋದು, ಅನುಮಾನ ಬಂದ ಮನೆಗೆ ಮತ್ತೆ ಹೋಗಿ ಕೂತು ಮಾತಾಡೋದು. ಶೇಕಡಾ ಲೆಕ್ಕ ಇಲ್ಲಿ ಬರೆಯಲ್ಲ, ಯಾಕಂದ್ರೆ ಒಂದು ಪಂಚಾಯ್ತಿಯ ನಂಬರ್ ಬರೆದ್ರೆ ನಾಳೆ ಅದು "ಕೊಡಗಿನ ಜನ ಹಿಂಗಂತಾರೆ" ಅಂತ ವಾಟ್ಸಾಪಲ್ಲಿ ಓಡಾಡುತ್ತೆ, ಆ ಸ್ಯಾಂಪಲ್ಲಿಗೆ ಅಷ್ಟು ತೂಕ ಇಲ್ಲ.

ಫಾರಂ ಉದ್ದ ಇತ್ತು, ಆದ್ರೆ ಜೀವಾಳ ಎರಡು ಪ್ರಶ್ನೆ. ಒಂದು, ಸರ್ಕಾರದ ಮೇಲೆ ನಿಮಗೆ ನಂಬಿಕೆ ಇದೆಯಾ: ಪೂರ್ತಿ ಇದೆ, ಸ್ವಲ್ಪ ಇದೆ, ಅಷ್ಟಾಗಿ ಇಲ್ಲ, ಇಲ್ಲವೇ ಇಲ್ಲ. ಇನ್ನೊಂದು, ನಿಮ್ಮ ಮಕ್ಕಳು ದೊಡ್ಡವರಾದ ಮೇಲೆ ನಿಮಗಿಂತ ಚೆನ್ನಾಗಿರ್ತಾರಾ. ಜನವರಿಯ ಮೊದಲ ರೌಂಡಲ್ಲಿ ಎರಡಕ್ಕೂ ಭಾರಿ ಒಳ್ಳೆ ಉತ್ತರ ಬಂತು. ಹೆಚ್ಚಿನವರು ಮೊದಲನೇ ಎರಡು ಆಯ್ಕೆಲೇ ಇದ್ರು, ಮಕ್ಕಳ ಪ್ರಶ್ನೆಗೂ "ಚೆನ್ನಾಗಿರ್ತಾರೆ" ಅಂತಾನೇ ಜಾಸ್ತಿ. ಇದು 2018ರ ಆಗಸ್ಟಲ್ಲಿ ಗುಡ್ಡ ಕುಸಿದು ತೋಟ ಮನೆ ಎಲ್ಲಾ ಕಳ್ಕೊಂಡವರು ಇರೋ ಪಂಚಾಯ್ತಿ, ಇವತ್ತಿಗೂ ಪ್ರತಿ ಮಳೆಗಾಲ ಶುರುವಾಗ್ತಿದ್ದಂಗೆ ಕೆಲವು ಮನೆಗಳಿಗೆ "ಅಪಾಯದ ಜಾಗದಲ್ಲಿದ್ದೀರಿ, ಸುರಕ್ಷಿತ ಜಾಗಕ್ಕೆ ಹೋಗಿ" ಅಂತ ನೋಟಿಸ್ ಬರೋ ಪಂಚಾಯ್ತಿ. ಸಂಸ್ಥೆಯ ಬೆಂಗಳೂರಿನ ಆಫೀಸಲ್ಲಿ ಖುಷಿ, ದುರಂತ ಕಂಡ ಊರಲ್ಲೂ ಸರ್ಕಾರದ ಮೇಲೆ ಇಷ್ಟು ನಂಬಿಕೆ, ಇಷ್ಟು ಆಶಾವಾದ, ಚೆನ್ನಾಗಿರೋ ಹೆಡ್‌ಲೈನ್. ಆದ್ರೆ ಫೀಲ್ಡಲ್ಲಿ ಓಡಾಡಿದ ಹುಡುಗರಿಗೆ ಇದು ಗಂಟಲಲ್ಲಿ ಇಳೀಲಿಲ್ಲ. ಒಬ್ಬಳು ಬಂದು ಹೇಳಿದ್ಲು, "ಸರ್, ಫಾರಂ ಮುಗಿಸಿ ಟ್ಯಾಬ್ ಬ್ಯಾಗಿಗಿಟ್ಟ ಮೇಲೆ ಅವ್ರು ಮಾತಾಡೋದೇ ಬೇರೆ." ಹಂಗಾದ್ರೆ ಟ್ಯಾಬ್ ಬ್ಯಾಗಿಗಿಟ್ಟ ಮೇಲಿನ ಮಾತು ಏನು ಅಂತ ನೋಡೋಕೆ ಹೊರಟಿದ್ದೇ ಈ ಪ್ರಕರಣ.

ಪ್ರಶ್ನೆ ಎಲ್ಲಿಂದ ಬಂತು

ಈ ನಂಬಿಕೆ ಪ್ರಶ್ನೆಗೆ ದೊಡ್ಡ ಚರಿತ್ರೆ ಇದೆ. ಅಮೆರಿಕದಲ್ಲಿ 1958ರಿಂದ ಕೇಳ್ತಾ ಬಂದಿದಾರೆ, ವಾಷಿಂಗ್ಟನ್‌ನಲ್ಲಿರೋ ಸರ್ಕಾರ ಸರಿಯಾದ್ದನ್ನೇ ಮಾಡುತ್ತೆ ಅಂತ ಎಷ್ಟರ ಮಟ್ಟಿಗೆ ನಂಬಬಹುದು ಅಂತ. ಆಗ ಸುಮಾರು ಮುಕ್ಕಾಲು ಪಾಲು ಜನ "ಯಾವಾಗಲೂ" ಅಥವಾ "ಹೆಚ್ಚಿನ ಸಲ" ಅಂದಿದ್ರು, 2024ರಲ್ಲಿ ಅಲ್ಲಿನ ಪ್ಯೂ ಅನ್ನೋ ಸರ್ವೆ ಸಂಸ್ಥೆ ಕೇಳಿದಾಗ ಹಂಗಂದವರು 22%. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಆದ್ಮೇಲೆ ಬಿದ್ದಿದ್ದು ಮತ್ತೆ ಆ ಎತ್ತರಕ್ಕೆ ಏಳಲೇ ಇಲ್ಲ. ಇಲ್ಲಿ ನಾನು ಎತ್ತಿ ತೋರಿಸ್ಬೇಕು ಅಂತಿರೋದು ಆ ನಂಬರ್ ಅಲ್ಲ, ಪ್ರಶ್ನೆಯೊಳಗಿರೋ "ವಾಷಿಂಗ್ಟನ್‌ನಲ್ಲಿರೋ". ಯಾವ ಸರ್ಕಾರ ಅಂತ ಅವರು ಮೊದಲೇ ಗೆರೆ ಎಳೆದಿದ್ರು. ನಮ್ಮ ದೇಶದ ಲೋಕನೀತಿ-ಸಿಎಸ್‌ಡಿಎಸ್ ಅನ್ನೋ ಸಂಶೋಧನಾ ಸಂಸ್ಥೆಯವರೂ ಕೇಂದ್ರ, ರಾಜ್ಯ, ಪಂಚಾಯ್ತಿ, ಪೊಲೀಸ್, ಕೋರ್ಟ್, ಸೇನೆ ಅಂತ ಬೇರೆ ಬೇರೆ ಕೇಳ್ತಾರೆ. ನಮ್ಮ ಕೈಗೆ ಬಂದ ಫಾರಂನಲ್ಲಿ ಬರೀ "ಸರ್ಕಾರ". ಎಲ್ಲೋ ಚಿಕ್ಕದು ಮಾಡೋಕೆ ಹೋಗಿ ಆ ಗೆರೆಯನ್ನೇ ಅಳಿಸಿಬಿಟ್ಟಿದಾರೆ.

ಬರೀ ಸರ್ಕಾರ ಅಂದ್ರೆ ಕೊಡಗಿನವರಿಗೆ ಎಷ್ಟು ಸರ್ಕಾರ ಕಣ್ಣ ಮುಂದೆ ಬರುತ್ತೆ ಅಂತ ಒಂದು ಮನೇಲಿ ಚೆನ್ನಾಗಿ ಗೊತ್ತಾಯ್ತು. ತೊಂಬತ್ತರ ಹತ್ತಿರದ ಕೊಡವ ಅಜ್ಜ, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಹುಡುಗಿ ಜೋರಾಗಿ "ಅಜ್ಜ, ಸರ್ಕಾರದ ಮೇಲೆ ನಂಬಿಕೆ ಇದೆಯಾ" ಅಂದ್ಲು. ಅವರು "ಯಾವ ಸರ್ಕಾರ ಮಗಳೇ, ನಾನು ಬ್ರಿಟಿಷರದ್ದು ನೋಡಿದೀನಿ, ನಮ್ಮದೇ ಕೊಡಗು ಸರ್ಕಾರ ನೋಡಿದೀನಿ, ಆಮೇಲೆ ಮೈಸೂರು, ಈಗ ಇದು" ಅಂದ್ರು. ತಮಾಷೆಗೆ ಹೇಳಿದ್ದಲ್ಲ. 1952ರಲ್ಲಿ ಕೊಡಗಿಗೇ 24 ಸೀಟಿನ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ವಿಲೀನಕ್ಕೆ ವಿರೋಧ ಇದ್ದ ತಕ್ಕಡಿ ಪಕ್ಷಕ್ಕೆ 9 ಸೀಟು ಬಂದಿತ್ತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿ ಇದು ಒಂದು ಜಿಲ್ಲೆ ಆಯ್ತು. ಅಜ್ಜ ತಮ್ಮ ಹೋಲಿಕೆ ಮಾಡ್ತಿದ್ದಿದ್ದೇ ಆ ನಾಲ್ಕು ವರ್ಷದ ಜೊತೆ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ, "ಸ್ವಲ್ಪ ಇದೆ" ಅಂತ ಟಿಕ್ ಬಿತ್ತು.

ಬಾಗಿಲಲ್ಲಿ ಏನಾಗ್ತಿತ್ತು

ಮೊದಲ ರೌಂಡ್ ಜನವರಿ ಕೊನೇಲಿ, ರೋಬಸ್ಟಾ ಕಾಫಿ ಕುಯ್ಲು ಜೋರಾಗಿದ್ದಾಗ. ಕಣದ ತುಂಬ ಕಾಫಿ ಹಣ್ಣು ಹರಡಿದಾರೆ, ಬೆಲೆ ಯಾರೂ ಕನಸಲ್ಲೂ ಕಾಣದಷ್ಟು ಏರಿತ್ತು, ಆ ಸೀಸನ್ನಿನ ರೋಬಸ್ಟಾ ರೇಟು ದಾಖಲೆ. ಆ ಹೊತ್ತಲ್ಲಿ ಹೋಗಿ ಮುಂದೆ ಚೆನ್ನಾಗಿರುತ್ತಾ ಅಂದ್ರೆ ಯಾರು ಇಲ್ಲ ಅಂತಾರೆ.

ಇನ್ನೊಂದು, ಹುಡುಗರ ಕೊರಳಲ್ಲಿ ಐಡಿ ಕಾರ್ಡು, ಕೈಲಿ ಟ್ಯಾಬು. ಅದಕ್ಕೆ ಸ್ವಲ್ಪ ಹಿಂದೆ, 2024ರ ನವೆಂಬರಲ್ಲಿ, ಬಿಪಿಎಲ್ ಕಾರ್ಡು ರದ್ದಾಗ್ತಿದೆ ಅಂತ ರಾಜ್ಯದ ತುಂಬ ಗಲಾಟೆ ಆಗಿತ್ತು, ಆಮೇಲೆ ಸರ್ಕಾರ ಅರ್ಹರ ಕಾರ್ಡು ವಾಪಸ್ ಕೊಡ್ತೀವಿ ಅಂತು. ಅದು ಜನರ ತಲೆಯಿಂದ ಹೋಗಿರ್ಲಿಲ್ಲ. ಟ್ಯಾಬ್ ಹಿಡ್ಕೊಂಡು ಬಂದವರು ಅಂದ್ರೆ ಕಾರ್ಡಿನ ಲೆಕ್ಕಕ್ಕೆ ಬಂದವರು ಅನ್ನೋ ಭಯ. ಒಂದು ಮನೇಲಿ ಬಾಗಿಲು ತೆಗೆದ ಅಕ್ಕ ಮೊದಲು ಮಾಡಿದ ಕೆಲಸ ಅಂಗಳದಲ್ಲಿದ್ದ ಸ್ಕೂಟರ್ ಮೇಲೆ ಟಾರ್ಪಾಲ್ ಎಳೆದಿದ್ದು. ಆಮೇಲೆ ಕುರ್ಚಿ ಹಾಕಿ, ಬೆಲ್ಲದ ಕಾಫಿ ಕೊಟ್ಟು, ಕೇಳಿದ್ದಕ್ಕೆಲ್ಲ "ನಂಬಿಕೆ ಇದೆ, ಎಲ್ಲಾ ಚೆನ್ನಾಗಿದೆ" ಅಂದ್ರು. ಕಾರ್ಡು ಹೋಗ್ಬಾರ್ದು ಅನ್ನೋ ಎಚ್ಚರಿಕೆ ಒಂದು ಕಡೆ, ಮನೆಗೆ ಬಂದವರ ಮುಂದೆ ಬೇಡದ ಮಾತು ಯಾಕೆ ಅನ್ನೋ ಮರ್ಯಾದೆ ಇನ್ನೊಂದು ಕಡೆ, ಎರಡೂ ಸೇರಿ ಒಂದು ಟಿಕ್.

ಪಟ್ಟಿಯ ಕಥೆ ಇನ್ನೂ ದೊಡ್ಡದು. ಮನೆ ಆಯ್ಕೆ ಮಾಡಿದ್ದು ಮತದಾರರ ಪಟ್ಟಿಯಿಂದ, ಇಷ್ಟು ಹೆಸರಿಗೆ ಒಂದು ಅಂತ ಎಣಿಸಿ. ಇದು ತಪ್ಪು ವಿಧಾನ ಅಲ್ಲ, ದೇಶದ ಒಳ್ಳೊಳ್ಳೆ ಸರ್ವೆಗಳೂ ಹಿಂಗೇ ಮಾಡ್ತವೆ. ಆದ್ರೆ ಕೊಡಗಿನ ತೋಟದ ಹಳ್ಳಿಲಿ ಆ ಪಟ್ಟಿ ಹಿಡ್ಕೊಂಡು ಹೊರಟ್ರೆ ಎರಡು ಕಡೆ ಸೋರುತ್ತೆ. ಹೆಸರಿದೆ, ಮನೆಗೆ ಬೀಗ: ಯಜಮಾನ್ರು ಮೈಸೂರಲ್ಲೋ ಬೆಂಗಳೂರಲ್ಲೋ, ಕುಯ್ಲಿಗೆ, ಹುತ್ತರಿ ಹಬ್ಬಕ್ಕೆ, ಓಟಿಗೆ ಬರ್ತಾರೆ. ಮನೆ ತುಂಬ ಜನ ಇದಾರೆ, ಹೆಸರೇ ಇಲ್ಲ: ಲೈನ್ ಮನೆಯವರು, ಅಂದ್ರೆ ತೋಟದಲ್ಲಿ ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿರೋ ಮನೆಗಳಲ್ಲಿರೋರು. ಅಸ್ಸಾಂನಿಂದ ಬಂದವರು, ತಮಿಳುನಾಡು ಕಡೆಯವರು, ಒಂದು ತೋಟದಿಂದ ಇನ್ನೊಂದಕ್ಕೆ ಹೋಗ್ತಾ ಇರೋ ಕುಟುಂಬಗಳು. ಬೀಗ ಹಾಕಿದ ಮನೆ ಸಿಕ್ಕಾಗ ಪಕ್ಕದ ಮನೆಯವರನ್ನ ಕೇಳಿ ಅಂತ ಸೂಚನೆ ಇತ್ತು, ಪಕ್ಕದ ಮನೆಲಿ ಹಗಲು ಹೊತ್ತು ಸಿಗೋರು ವಯಸ್ಸಾದವರು. ಅಂದ್ರೆ ನಮ್ಮ "ಪಂಚಾಯ್ತಿಯ ಅಭಿಪ್ರಾಯ" ಅಂತ ಬಂದಿದ್ದು ಮುಕ್ಕಾಲು ಭಾಗ ಸ್ವಂತ ಜಾಗ ಇರೋ, ಮನೇಲಿ ಕೂತಿರೋ, ಹಿರಿಯರ ಅಭಿಪ್ರಾಯ. ಕಾಫಿ ಕುಯ್ಯೋರು ಯಾರೂ ಅದ್ರಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ.

ಹಂಗಂತ ಲೈನ್ ಮನೆಗೆ ಹೋದ್ರೆ ಸಾಕಾ? ಹೋದ ಒಂದೆರಡು ಕಡೆ ರೈಟರ್, ಅಂದ್ರೆ ಓನರ್ ಪರವಾಗಿ ತೋಟದ ಕೆಲಸ ನೋಡ್ಕೊಳ್ಳೋನು, ಜೊತೇಲೇ ಬಂದು ನಿಂತ್ಕೊಂಡ. ಕೆಟ್ಟ ಉದ್ದೇಶ ಏನಿಲ್ಲ, ಹೊರಗಿನವರು ತೋಟಕ್ಕೆ ಬಂದಿದಾರೆ, ನೋಡ್ಕೊಳ್ಳೋದು ಅವನ ಡ್ಯೂಟಿ. ಆದ್ರೆ ಅವನು ನಿಂತಿರೋವರೆಗೂ ಪ್ರತಿ ಪ್ರಶ್ನೆಗೂ ಉತ್ತರ ಕೊಡೋಕೆ ಮುಂಚೆ ಅವರ ಕಣ್ಣು ಅವನ ಕಡೆ ಹೋಗ್ತಿತ್ತು. ಸರ್ಕಾರದ ಬಗ್ಗೆ ಕೇಳಿದ್ರೂ ಅವರಿಗೆ ಕೇಳಿಸ್ತಿದ್ದಿದ್ದು ಓನರ್ ಬಗ್ಗೆ.

ಏಣಿ

ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು. ಭವಿಷ್ಯದ ಭರವಸೆ ಅಳೆಯೋಕೆ ಪ್ರಪಂಚದ ತುಂಬ ಬಳಸೋದು ಏಣಿ ಪ್ರಶ್ನೆ. ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನೋ ಅಮೆರಿಕದ ಸಂಶೋಧಕರು 1960ರ ದಶಕದಲ್ಲಿ ಬಳಕೆಗೆ ತಂದಿದ್ದು, ಈಗ ಗ್ಯಾಲಪ್ ಅನ್ನೋ ಸರ್ವೆ ಸಂಸ್ಥೆಯವರು ನೂರಕ್ಕೂ ಹೆಚ್ಚು ದೇಶದಲ್ಲಿ ಕೇಳ್ತಾರೆ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು, ತುದೀಲಿ ನಿಮಗೆ ಆಗಬಹುದಾದ ಅತಿ ಒಳ್ಳೆ ಬದುಕು, ಕೆಳಗೆ ಅತಿ ಕೆಟ್ಟದ್ದು, ಈಗ ಎಲ್ಲಿದೀರಿ, ಐದು ವರ್ಷ ಬಿಟ್ಟು ಎಲ್ಲಿರ್ತೀರಿ. ಈಗ ಏಳು ಅಥವಾ ಮೇಲೆ, ಮುಂದೆ ಎಂಟು ಅಥವಾ ಮೇಲೆ ಅಂದ್ರೆ ಗ್ಯಾಲಪ್ ಲೆಕ್ಕದಲ್ಲಿ ಬದುಕು ಹುಲುಸಾಗಿದೆ ಅಂತ.

ನಮ್ಮ ಹುಡುಗರ ಕೈಲೂ ಒಂದು ಏಣಿ ಚಿತ್ರ ಇತ್ತು. ಲೈನ್ ಮನೆಯ ಒಬ್ಬ ಕೆಲಸದವನು, ಮೂವತ್ತೈದು ಇರಬಹುದು, ಕಾಳುಮೆಣಸು ಕುಯ್ಯೋದರಲ್ಲಿ ಪಳಗಿದವನು, ಚಿತ್ರ ನೋಡಿದ. ಮೂರನೇ ಮೆಟ್ಟಿಲ ಮೇಲೆ ಬೆರಳಿಟ್ಟ. ಐದು ವರ್ಷ ಆದ್ಮೇಲೆ? ಮತ್ತೆ ಮೂರು. ಮೇಲೆ ಹೋಗಲ್ವಾ ಅಂತ ಹುಡುಗಿ ಕೇಳಿದ್ಲು, ಕೇಳಬಾರದಿತ್ತು, ಆದ್ರೆ ಕೇಳಿದ್ದು ಒಳ್ಳೇದೇ ಆಯ್ತು. "ಮೇಲೆ ಹೋದ್ರೆ ಹಿಡ್ಕೊಳ್ಳೋಕೆ ಏನಿದೆ ಅಕ್ಕ, ಕೆಳಗೆ ಒಬ್ಬ ಏಣಿ ಹಿಡ್ಕೊಂಡಿದ್ರೆ ಹೋಗ್ತೀನಿ" ಅಂದ. ಸಿಲ್ವರ್ ಓಕ್ ಮರಕ್ಕೆ ಏಣಿ ಆನಿಸಿ ದಿನಾ ಹತ್ತೋ ಮನುಷ್ಯ, ಅವನಿಗೆ ತುದಿ ಮೆಟ್ಟಿಲು ಅಂದ್ರೆ ಬೀಳೋ ಜಾಗ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಮೆಣಸು ಸೀಸನ್ನಲ್ಲಿ ಜಿಲ್ಲೆಯ ಪೇಪರಲ್ಲಿ ಬರ್ತಾನೇ ಇರುತ್ತೆ. ಇಂಥ ಜಾಗದಲ್ಲಿ ಆ ಚಿತ್ರ ಇಟ್ಕೊಂಡು ಹೋಗಿ, ಬಂದ ಮೂರನ್ನ "ಭವಿಷ್ಯದ ಬಗ್ಗೆ ನಿರಾಶೆ" ಅಂತ ಬರ್ಕೊಂಡ್ರೆ ಆ ಮನುಷ್ಯನಿಗೆ ಮಾಡೋ ಅನ್ಯಾಯ. ಅವನು ನಿರಾಶೆಲಿ ಇಲ್ಲ. ತನಗೆ ಎಷ್ಟು ಎತ್ತರ ಸುರಕ್ಷಿತ ಅಂತ ಲೆಕ್ಕ ಹಾಕಿ ಹೇಳಿದ, ಮೇಲೆ ಹೋಗೋಕೆ ಏನು ಬೇಕು ಅಂತಾನೂ ಹೇಳಿದ. ಆ ಎರಡನೇ ಮಾತಿಗೆ ಫಾರಂನಲ್ಲಿ ಜಾಗ ಇರ್ಲಿಲ್ಲ.

ಎರಡನೇ ರೌಂಡಿಗೆ ಏಣಿ ಚಿತ್ರ ತೆಗೆದ್ವಿ. ಐದು ವರ್ಷ ಬಿಟ್ಟು ಈಗಿನದಕ್ಕಿಂತ ಚೆನ್ನಾಗಿರ್ತೀರಾ, ಹಿಂಗೇ ಇರ್ತೀರಾ, ಇನ್ನೂ ಕಷ್ಟ ಆಗುತ್ತಾ, ಅಷ್ಟೇ. ಬೇರೆ ದೇಶದ ಜೊತೆ ಹೋಲಿಸೋಕೆ ಆಗಲ್ಲ ಅಂತ ಬೆಂಗಳೂರಿನವರು ತಕರಾರು ತೆಗೆದ್ರು. ಅದು ನಿಜವಾದ ತಕರಾರೇ, ಪ್ರಶ್ನೆ ಬದಲಾದ್ರೆ ಹೋಲಿಕೆ ಹೋಗುತ್ತೆ. ಆದ್ರೆ ಉತ್ತರ ಕೊಟ್ಟವನ ಅರ್ಥವೇ ಬೇರೆ ಇದ್ದಾಗ ಹೋಲಿಸಿ ಏನು ಸಿಗುತ್ತೆ.

ಮತ್ತೆ ಹೋದಾಗ

ಎರಡನೇ ರೌಂಡ್ ಜುಲೈನಲ್ಲಿ. ಅದೇ ಮನೆಗಳಿಗೆ, ಜೊತೆಗೆ ಲೈನ್ ಮನೆಗಳನ್ನ ಪಟ್ಟಿ ನೋಡದೆ ಒಂದೊಂದೇ ಬಾಗಿಲು ತಟ್ಟಿ ಸೇರಿಸ್ಕೊಂಡು. ಟ್ಯಾಬ್ ಬಿಟ್ಟು ಪೇಪರ್ ಫಾರಂ. ಲೈನ್ ಮನೆಗೆ ಸಂಜೆ ಕೆಲಸ ಮುಗಿದ ಮೇಲೆ, ಓನರ್ ಹತ್ರ ಮೊದಲೇ ಮಾತಾಡಿ ರೈಟರ್ ಬರದಂಗೆ ನೋಡ್ಕೊಂಡು. ಎಲ್ಲಾ ಓನರೂ ಒಪ್ಪಲಿಲ್ಲ, ಒಪ್ಪದ ತೋಟ ಬಿಟ್ವಿ, ಯಾವ್ಯಾವುದು ಬಿಟ್ವಿ ಅಂತ ವರದೀಲಿ ಬರೆದ್ವಿ. ನಂಬಿಕೆ, ಮಕ್ಕಳ ಪ್ರಶ್ನೆ ಎರಡೂ ಹಳೇವೇ, ಆದ್ರೆ ನಂಬಿಕೆ ಪ್ರಶ್ನೆಗೆ ಟಿಕ್ ಆದ ತಕ್ಷಣ ಒಂದು ಉಪಪ್ರಶ್ನೆ: "ಇದನ್ನ ಹೇಳುವಾಗ ಯಾರನ್ನ ನೆನೆಸ್ಕೊಂಡ್ರಿ?" ಮಕ್ಕಳ ಪ್ರಶ್ನೆ ಆದ್ಮೇಲೆ: "ಎಲ್ಲಿ ಚೆನ್ನಾಗಿರ್ತಾರೆ?" ಇಷ್ಟು ಸೇರಿಸಿದ್ದಕ್ಕೆ ಇಡೀ ಚಿತ್ರ ಬಿಚ್ಕೊಳ್ತು.

ಮೊದಲು ಸರ್ಕಾರ. "ಪೂರ್ತಿ ನಂಬಿಕೆ ಇದೆ" ಅಂದವರಲ್ಲಿ ತುಂಬ ಜನ ನೆನೆಸ್ಕೊಂಡಿದ್ದು ಒಬ್ಬ ಮನುಷ್ಯನನ್ನ ಅಥವಾ ಒಂದು ದಿನವನ್ನ. 2018ರಲ್ಲಿ ಹಗ್ಗ ಕಟ್ಟಿ ದಾಟಿಸಿದ ಸೈನ್ಯದವರು, ವಿಪತ್ತಲ್ಲಿ ರಕ್ಷಣೆಗೆ ಬರೋ ಎನ್‌ಡಿಆರ್‌ಎಫ್ ಪಡೆಯವರು. ಮಳೇಲಿ ಮುರಿದು ಬಿದ್ದ ಕಂಬ ಎತ್ತೋಕೆ ಬರೋ ಲೈನ್‌ಮ್ಯಾನ್. ಕಾರ್ಡು ಹಿಡ್ಕೊಂಡು ಬೆಟ್ಟ ಹತ್ತಿ ಬರೋ ಆಶಾ ಕಾರ್ಯಕರ್ತೆ. ತಿಂಗಳಿಗೆ ಎರಡು ಸಾವಿರ ಗೃಹಲಕ್ಷ್ಮಿ ದುಡ್ಡು. "ಅಷ್ಟಾಗಿ ಇಲ್ಲ" ಅಂದವರು ನೆನೆಸ್ಕೊಂಡಿದ್ದು ಕೌಂಟರನ್ನ, ಫೈಲನ್ನ, "ಸಾಹೇಬ್ರು ಮೀಟಿಂಗಲ್ಲಿದಾರೆ" ಅನ್ನೋ ಮಾತನ್ನ. ಅದೇ ಮನುಷ್ಯ ಎರಡನ್ನೂ ಹೇಳ್ತಾನೆ, ಅವತ್ತು ಯಾವುದು ಮೊದಲು ನೆನಪಾಯ್ತೋ ಅದರ ಮೇಲೆ ಟಿಕ್.

2018ರಲ್ಲಿ ಮನೆ ಕಳ್ಕೊಂಡು ಪುನರ್ವಸತಿ ಕಾಲೋನಿಗೆ ಹೋದ ಒಬ್ರು ಅಕ್ಕನ ಮನೇಲಿ ನಾನೇ ಕೂತಿದ್ದೆ. ಈ ಪಂಚಾಯ್ತಿಲಿ ಅವರ ತೋಟದ ಉಳಿದ ಚೂರು ಇನ್ನೂ ಇದೆ, ಬಸ್ಸು ಹತ್ತಿ ಬಂದು ಕೆಲಸ ಮಾಡ್ಕೊಂಡು ಸಂಜೆ ವಾಪಸ್ ಹೋಗ್ತಾರೆ. ಅವರಂದ್ರು, "ಅವತ್ತು ನಮ್ಮನ್ನ ಹೊತ್ಕೊಂಡು ಬಂದೋರು ಸರ್ಕಾರದವ್ರೇ ಅಲ್ವಾ ಅಣ್ಣ, ಮನೆ ಆಗೋವರೆಗೆ ಬಾಡಿಗೆ ದುಡ್ಡು ಕೊಟ್ರು, ಮನೇನೂ ಕೊಟ್ರು. ನಂಬಿಕೆ ಇಲ್ಲ ಅಂದ್ರೆ ದೇವ್ರು ಮೆಚ್ಚಲ್ಲ." ಆಮೇಲೆ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ರೇಷನ್ ಕಾರ್ಡು, ಆಧಾರು, ಹಳೇ ಅರ್ಜಿಗಳ ಜೆರಾಕ್ಸು, ಹಿಂಬರಹಗಳು, ಪಹಣಿ. ಕೊಚ್ಚಿ ಹೋಗಿ ಬರೀ ಕಲ್ಲು ಮಣ್ಣು ಆಗಿರೋ ಜಾಗ ಪಹಣೀಲಿ ಇನ್ನೂ ಕಾಫಿ ತೋಟ. ಅದನ್ನ ಸರಿ ಮಾಡಿಸೋಕೆ, ಹೋದ ಜಾಗಕ್ಕೆ ಏನಾದ್ರೂ ಸಿಗುತ್ತಾ ಅಂತ ಕೇಳೋಕೆ ಓಡಾಡಿ ಓಡಾಡಿ ಬಿಟ್ಟಿದಾರೆ. "ಇದಕ್ಕೆ ನಂಬಿಕೆ ಇಲ್ಲ" ಅಂತ ಕವರ್ ಮೇಲೆ ಕೈ ಇಟ್ರು. ಮುಖದಲ್ಲಿ ಸಿಟ್ಟೂ ಇರ್ಲಿಲ್ಲ. ಜನವರಿ ಫಾರಂನಲ್ಲಿ ಇವರದ್ದು "ಪೂರ್ತಿ ಇದೆ".

ಈ ಪ್ರಕರಣದಿಂದ ನಾನು ಹೇಳಬೇಕಾಗಿರೋ ಮುಖ್ಯ ಮಾತು ಇಲ್ಲೇ ಇದೆ. ಇಲ್ಲಿನ ಜನ ಬಂದು ನಿಲ್ಲೋ ಸರ್ಕಾರವನ್ನ ನಂಬ್ತಾರೆ, ಆಮೇಲೆ ಬರಬೇಕಾದ ಸರ್ಕಾರವನ್ನ ನಂಬಲ್ಲ. ಎರಡನ್ನೂ ಒಂದೇ ಪ್ರಶ್ನೇಲಿ ಕಲಸಿ ಸರಾಸರಿ ತೆಗೆದ್ರೆ "ಸ್ವಲ್ಪ ಇದೆ" ಅಂತ ಬರುತ್ತೆ, ಅದು ಯಾರ ಮನಸ್ಸಲ್ಲೂ ಇಲ್ಲದ ಉತ್ತರ. ಆಡಳಿತದವರಿಗೂ ಅದ್ರಿಂದ ಉಪಯೋಗ ಇಲ್ಲ, ಯಾವುದನ್ನ ಸರಿ ಮಾಡ್ಬೇಕು ಅಂತ ಅದು ಹೇಳಲ್ಲ.

ಪಕ್ಷದ ಗಾಳಿನೂ ಇತ್ತು, ಅದನ್ನ ಮುಚ್ಚಿಡಲ್ಲ. 2023ರಲ್ಲಿ ಜಿಲ್ಲೆಯ ಎರಡೂ ವಿಧಾನಸಭಾ ಸೀಟು ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋದವು, ಕೇಂದ್ರದಲ್ಲಿ ಬಿಜೆಪಿ. ಬರೀ ಸರ್ಕಾರ ಅಂದ್ರೆ ಒಬ್ಬರಿಗೆ ಮೋದಿ, ಪಕ್ಕದ ಮನೆಯವರಿಗೆ ಸಿದ್ದರಾಮಯ್ಯ. ಹಿಂಗಿದ್ದಾಗ ಅದು ನಂಬಿಕೆಯ ಪ್ರಶ್ನೆ ಅಲ್ಲ, ಓಟಿನ ಪ್ರಶ್ನೆ ಆಗಿಬಿಡುತ್ತೆ.

ಲೈನ್ ಮನೆಯಲ್ಲಿ ಬೇರೇನೇ ಸಿಕ್ತು. ಅಸ್ಸಾಂನ ಒಂದು ಕುಟುಂಬ "ಇಲ್ಲಿನ ಸರ್ಕಾರ ನಮಗೆ ಗೊತ್ತಿಲ್ಲ" ಅಂತು, ಅಷ್ಟೇ. ಅದು ಅಪನಂಬಿಕೆ ಅಲ್ಲ, ಅವರ ಬಾಗಿಲಿಗೆ ಯಾರೂ ಬಂದೇ ಇಲ್ಲ. "ಗೊತ್ತಿಲ್ಲ" ಅನ್ನೋ ಉತ್ತರಗಳನ್ನ ಲೆಕ್ಕದಿಂದ ತೆಗೆದು ಶೇಕಡಾ ಮಾಡೋದು ಆಫೀಸುಗಳಲ್ಲಿ ಮಾಮೂಲಿ, ಹಂಗೆ ಮಾಡಿದ್ರೆ ಈ ಜನ ಎರಡನೇ ಸಲ ಪಟ್ಟಿಯಿಂದ ಆಚೆ.

ಒಇಸಿಡಿ ಅನ್ನೋ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರೋ ಕೂಟ 2023ರಲ್ಲಿ 30 ದೇಶಗಳಲ್ಲಿ ಮಾಡಿದ ಸರ್ವೇಲಿ ಒಂದು ವಿಷಯ ನನಗೆ ತುಂಬ ಹಿಡಿಸಿತ್ತು. ಭಾರತ ಅದ್ರಲ್ಲಿ ಇಲ್ಲ. ಸರ್ಕಾರ ಮಾಡೋ ಕೆಲಸದಲ್ಲಿ ನಮ್ಮ ಮಾತೂ ನಡೆಯುತ್ತೆ ಅನ್ನೋರಲ್ಲಿ 69% ಜನ ತಮ್ಮ ರಾಷ್ಟ್ರೀಯ ಸರ್ಕಾರವನ್ನ ನಂಬ್ತಾರೆ, ನಮ್ಮ ಮಾತು ನಡೆಯಲ್ಲ ಅನ್ನೋರಲ್ಲಿ 22%. ಅದನ್ನ ನೋಡಿ ಇಲ್ಲೂ ಕೇಳಿದ್ವಿ, ಗ್ರಾಮಸಭೇಲಿ ನೀವು ಹೇಳಿದ್ದು ಯಾವತ್ತಾದ್ರೂ ಆಗಿದೆಯಾ ಅಂತ. ಆಗಿದೆ ಅಂದವರು ಒಂದು ಮೋರಿ, ಒಂದು ಬೀದಿ ದೀಪ, ಅಂಗನವಾಡಿಗೆ ಕಾಂಪೌಂಡು ಅಂತ ಬೆರಳಿಟ್ಟು ತೋರಿಸಿದ್ರು. ಅಂಥವರು ಫೈಲಿನ ಬಗ್ಗೆ ಬೈದ್ರೂ ಇನ್ನೊಂದು ಸಲ ಅರ್ಜಿ ಹಾಕೋಕೆ ರೆಡಿ ಇದ್ರು.

ಎಲ್ಲಿ ಚೆನ್ನಾಗಿರ್ತಾರೆ

ಮಕ್ಕಳ ಪ್ರಶ್ನೆಗೆ ಬರ್ತೀನಿ. ಪ್ಯೂನವರು 36 ದೇಶದಲ್ಲಿ ಕೇಳಿ 2025ರ ಜನವರಿಲಿ ಬಿಡುಗಡೆ ಮಾಡಿದ ವರದಿ ಪ್ರಕಾರ, ದೇಶಗಳ ಮೀಡಿಯನ್, ಅಂದ್ರೆ ಸಾಲಾಗಿ ಇಟ್ಟಾಗ ನಡುವಿಗೆ ಬರೋ ಲೆಕ್ಕದಲ್ಲಿ 57% ಜನ ಮಕ್ಕಳು ದುಡ್ಡುಕಾಸಿನಲ್ಲಿ ಅಪ್ಪ ಅಮ್ಮನಿಗಿಂತ ಕೆಳಗಿರ್ತಾರೆ ಅಂತಾರೆ. ಭಾರತದವರು ಅದಕ್ಕೆ ಉಲ್ಟಾ, ಇಲ್ಲಿ ಚೆನ್ನಾಗಿರ್ತಾರೆ ಅನ್ನೋರೇ ಹೆಚ್ಚು. ನಾಳೆ ಮೇಲೆ ಭರವಸೆ ಇಡೋದು ನಮ್ಮಲ್ಲಿ ಹಳೇ ಅಭ್ಯಾಸ. ರಿಸರ್ವ್ ಬ್ಯಾಂಕ್ ನಗರಗಳಲ್ಲಿ ಗ್ರಾಹಕರ ವಿಶ್ವಾಸ ಅಳೆಯುತ್ತೆ, ಈಗಿನ ಸ್ಥಿತಿಗೆ ಒಂದು ಸೂಚ್ಯಂಕ, ಒಂದು ವರ್ಷ ಮುಂದಕ್ಕೆ ಒಂದು, 100 ಅಂದ್ರೆ ನಡು. 2021ರ ಮೇನಲ್ಲಿ ಕೋವಿಡ್ ಎರಡನೇ ಅಲೆ ಹೊತ್ತಲ್ಲಿ ಈಗಿನದು 48.5ಕ್ಕೆ ಬಿದ್ದಾಗಲೂ ಮುಂದಿನದು 96.4 ಇತ್ತು.

ನಮ್ಮ ಪಂಚಾಯ್ತೀಲೂ ಅದೇ ಕಾಣ್ತು. ಆದ್ರೆ "ಎಲ್ಲಿ" ಅಂದ ತಕ್ಷಣ ಊರಿನ ಹೆಸರುಗಳು ಬಂದ್ವು, ಮೈಸೂರು, ಬೆಂಗಳೂರು, ದುಬೈ, ಕೆನಡಾ. "ಇಲ್ಲೇ" ಅಂದವರು ಬಹಳ ವಿರಳ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತೋಟ ಇರೋ ಮನೆಯ ಮಾವ ಒಬ್ರು "ಮಗಳು ಬೆಂಗಳೂರಲ್ಲಿ ಚೆನ್ನಾಗಿದಾಳೆ" ಅಂತ ಹೇಳಿ ಸ್ವಲ್ಪ ಹೊತ್ತು ಬಿಟ್ಟು, "ಈ ತೋಟ ನನ್ನ ಜೊತೆಗೇ ಮುಗೀತು" ಅಂದ್ರು. ಆನೆ ಕಾಟ, ಕೆಲಸದವರು ಸಿಗಲ್ಲ, ಗುಡ್ಡದ ಭಯ, ಈಗ ಬೆಲೆ ಇದೆ ಅಂತ ಮಗಳು ವಾಪಸ್ ಬರಲ್ಲ ಅಂತ ಅವರಿಗೆ ಗೊತ್ತು. ಅದೇ ತೋಟದ ಲೈನ್ ಮನೇಲಿ ಒಬ್ಬಳು ತಾಯಿ "ನನ್ನ ಮಗ ಪಿಯುಸಿ ಮಾಡ್ತಿದಾನೆ, ಅವನು ತೋಟಕ್ಕೆ ಬರಬಾರ್ದು, ಅದಕ್ಕೇ ಇಷ್ಟು ಕಷ್ಟ" ಅಂತ ಕಣ್ಣರಳಿಸಿ ಹೇಳಿದ್ಲು. ಇಬ್ಬರದ್ದೂ "ಚೆನ್ನಾಗಿರ್ತಾರೆ". ಹೊರಗೆ ಹೋಗೋದು ಒಬ್ಬರಿಗೆ ಕಳ್ಕೊಳ್ಳೋದು, ಇನ್ನೊಬ್ಬರಿಗೆ ಗೆಲ್ಲೋದು. ಮಕ್ಕಳ ಬಗ್ಗೆ ಭರವಸೆ ಇಬ್ಬರಿಗೂ ಇದೆ, ಊರಿನ ಬಗ್ಗೆ ಇಬ್ಬರಿಗೂ ಇಲ್ಲ. ಸರ್ವೆ ಕೇಳಿದ್ದು ಮಕ್ಕಳ ಬಗ್ಗೆ, ಆಫೀಸು ಬರೀಬೇಕು ಅಂತಿದ್ದಿದ್ದು ಊರಿನ ಬಗ್ಗೆ.

ಜುಲೈನಲ್ಲಿ ಉತ್ತರಗಳ ಬಣ್ಣವೂ ಬದಲಾಗಿತ್ತು. ವಾರಗಟ್ಟಲೆ ಮಳೆ, ಶಾಲೆಗೆ ರಜೆ ಘೋಷಣೆ, ಕರೆಂಟ್ ಇಲ್ಲ, ಫೋನ್ ಚಾರ್ಜ್ ಇಲ್ಲ, ರಾತ್ರಿ ಗುಡ್ಡದ ಕಡೆಯಿಂದ ಸಣ್ಣ ಸದ್ದು ಬಂದ್ರೂ ಎದ್ದು ಕೂರೋ ಜನ. ಜನವರಿಲಿ "ಚೆನ್ನಾಗಿರ್ತೀವಿ" ಅಂದ ಮನೆಗಳಲ್ಲಿ ಕೆಲವು "ಈ ಮಳೆಗಾಲ ಕಳೀಲಿ ಆಮೇಲೆ ಹೇಳ್ತೀವಿ" ಅಂದ್ವು. ಯಾವ ಉತ್ತರ ನಿಜ ಅಂದ್ರೆ ಎರಡೂ ನಿಜ, ಆದ್ರೆ ಒಂದು ತಿಂಗಳಲ್ಲಿ ಅಳೆದಿದ್ದನ್ನ ವರ್ಷದ ಅಭಿಪ್ರಾಯ ಅಂತ ಅಚ್ಚು ಹಾಕೋದು ಸರಿ ಅಲ್ಲ.

ವರದಿ

ಬೆಂಗಳೂರಿನವರು ಕೊನೇವರೆಗೂ ಕೇಳಿದ್ದು ಒಂದೇ ನಂಬರ್. ಸ್ಲೈಡಲ್ಲಿ ಹಾಕೋಕೆ, ದುಡ್ಡು ಕೊಟ್ಟವರಿಗೆ ತೋರಿಸೋಕೆ. ನಾವು ಫೀಲ್ಡಿನವರು ಹೇಳಿದ್ದು, ನಂಬರ್ ಕೊಡೋಣ, ಆದ್ರೆ ತುಂಡು ತುಂಡಾಗಿ ಕೊಡೋಣ: ಆಪತ್ತಲ್ಲಿ ಬರ್ತಾರಾ, ಆಮೇಲಿನ ಕಾಗದ ಪತ್ರ ಆಗುತ್ತಾ, ಗ್ರಾಮಸಭೇಲಿ ನಮ್ಮ ಮಾತು ನಡೆಯುತ್ತಾ. ಸ್ವಂತ ಜಾಗದವರು, ಲೈನ್ ಮನೆಯವರು, ಕಾಲೋನಿಗೆ ಹೋದವರು, ಮೂವರದ್ದೂ ಬೇರೆ ಬೇರೆ. "ಗೊತ್ತಿಲ್ಲ" ಅಂದವರಿಗೆ ಅವರದ್ದೇ ಕಾಲಂ. ಜಗಳ ಆಯ್ತು, ಕೊನೆಗೆ ವರದಿ ಹಿಂಗೇ ಹೋಯ್ತು, ಆದ್ರೆ ಅವರ ಮುಖಪುಟದಲ್ಲಿ ಜನವರಿಯ ಒಟ್ಟು ನಂಬರನ್ನೂ ಉಳಿಸ್ಕೊಂಡ್ರು. ನನಗೆ ಅದು ಇವತ್ತಿಗೂ ಬೇಜಾರು, ಮುಖಪುಟ ಬಿಟ್ಟು ಒಳಗೆ ಓದೋರು ಎಷ್ಟು ಜನ.

ಸೆಪ್ಟೆಂಬರಲ್ಲಿ ಪಂಚಾಯ್ತಿ ಹಾಲಲ್ಲಿ ಇದನ್ನ ಜನರ ಮುಂದೆ ಓದಿದ್ವಿ. ಉತ್ತರ ಕೊಟ್ಟವರಿಗೆ ಅದನ್ನ ವಾಪಸ್ ಓದಿ ಹೇಳೋದು ಸರ್ವೆ ಮಾಡೋರು ಕಡ್ಡಾಯ ಮಾಡ್ಕೋಬೇಕಾದ ಕೆಲಸ ಅಂತ ನಾನು ನಂಬಿದೀನಿ, ಬಹಳ ಕಡೆ ಮಾಡಲ್ಲ. ನಂಬಿಕೆ, ಭವಿಷ್ಯ ಅಂತೆಲ್ಲ ಓದುವಾಗ ಜನ ಸುಮ್ಮನೆ ಕೇಳ್ತಿದ್ರು. ನೋಟಿಸ್ ವಿಷಯ ಬಂದಾಗ ಹಾಲ್ ಎದ್ದು ನಿಂತಿತು. ನೋಟಿಸ್ ಬಂದ್ರೂ ಮನೆ ಬಿಟ್ಟು ಹೋಗಲ್ಲ ಅಂದವರಿಗೆ ಕಾರಣ ಕೇಳಿದ್ವಿ, ಎಚ್ಚರಿಕೆ ಸುಳ್ಳು ಅಂದವರು ಯಾರೂ ಇಲ್ಲ. ಹಸು ಎಲ್ಲಿ ಕಟ್ಟೋದು, ಹಾಸಿಗೆ ಹಿಡಿದ ಅತ್ತೆನ ಯಾವ ಗಾಡಿಲಿ ಕರ್ಕೊಂಡು ಹೋಗೋದು, ಕಾಳಜಿ ಕೇಂದ್ರ ಯಾವ ಶಾಲೇಲಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರೆ ಎತ್ತೋರು ಯಾರು. ನೋಟಿಸಲ್ಲಿ "ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು" ಅಂತ ಇದೆ, ಇದ್ಯಾವುದೂ ಇಲ್ಲ. "ನೋಟಿಸ್ ಕೊಟ್ಟು ಕೈ ತೊಳ್ಕೊಳ್ತಾರೆ" ಅಂತ ಹಿಂದಿನ ಬೆಂಚಿಂದ ಒಬ್ರು ಕೂಗಿದ್ರು. ಲೈನ್ ಮನೆಯಿಂದ ಬಂದಿದ್ದ ಇಬ್ಬರು ಹೆಂಗಸರು, ನಮಗೆ ನೋಟಿಸೇ ಬರಲ್ಲ, ಓನರ್ ಮನೆಗೆ ಹೋಗುತ್ತೆ ಅಂದ್ರು. ಇದು ನಮ್ಮ ಫಾರಂನಲ್ಲೂ ಸಿಕ್ಕಿರ್ಲಿಲ್ಲ.

ಪಂಚಾಯ್ತಿಯ ಒಬ್ರು ಸದಸ್ಯೆ ಅಲ್ಲೇ ಪುಸ್ತಕದಲ್ಲಿ ಬರ್ಕೊಂಡ್ರು, ನೋಟಿಸಿನ ಕೆಳಗೆ ಗಾಡಿ ನಂಬರು, ಡ್ರೈವರ್ ಹೆಸರು, ಶಾಲೆ ಹೆಸರು, ಜಾನುವಾರು ಕಟ್ಟೋ ಜಾಗ ಬರೀಬೇಕು, ಲೈನ್ ಮನೆಗಳಿಗೆ ಬೇರೆ ಪ್ರತಿ ಕೊಡ್ಬೇಕು ಅಂತ. ಪಿಡಿಒ ಅದನ್ನ ಠರಾವು ಮಾಡಿ ಮೇಲಕ್ಕೆ ಕಳಿಸ್ತೀನಿ ಅಂದ್ರು, ಕಳಿಸಿದ ಪ್ರತಿ ನಮಗೂ ಬಂತು. ಮುಂದಿನ ರೌಂಡಿನ ಫಾರಂನಲ್ಲಿ ನಂಬಿಕೆ ಪ್ರಶ್ನೆಗಿಂತ ಮೊದಲು ಈ ಪ್ರಶ್ನೆ ಇಟ್ಟಿದೀವಿ: ಈ ವರ್ಷದ ನೋಟಿಸ್ ನಿಮ್ಮ ಕೈಗೆ ಬಂತಾ, ಅದ್ರಲ್ಲಿ ಗಾಡಿ ನಂಬರ್ ಇತ್ತಾ, ಆ ನಂಬರಿಗೆ ಫೋನ್ ಮಾಡಿದ್ರೆ ಯಾರು ಎತ್ತಿದ್ರು.